ಆಷಾಢಕ್ಕೆ ಮುಂಚೆ ಬಂದ ರ‍್ಯಾಂಕು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ರಾಯಚೂರಿನಲ್ಲಿ ಕನ್ನಡ ಕಲಿಸುತ್ತಿದ್ದ ಸ್ನಾತಕೋತ್ತರ ಕೇಂದ್ರವು ದೂರದ ವಿಶ್ವವಿದ್ಯಾಲಯವೊಂದರ ಬಾಲ. ತಲೆ ಎಲ್ಲೋ ಇತ್ತು. ಅದಕ್ಕೆ ಬಾಲ ಇರುವುದು ನೆನಪಿತ್ತೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಬಾಡಿಗೆ ಕಟ್ಟಡದ ಪಡಸಾಲೆಯಲ್ಲಿ ಕುಡಿಯುವ ನೀರಿನ ಹರವಿಯ ಪಕ್ಕ ಗಾಜಿನ ಬಾಗಿಲಿನ ಬೋರ್ಡೊಂದನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಅದರ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ 'ಇತ್ತೀಚಿನ ಸಾಧನೆಗಳು' ಎಂದು ಬರೆಸಿದ್ದರು.

ಸಾಧನೆ ಅಂದರೆ ಏನೆಂದು ಆ ಬೋರ್ಡು ನೋಡಿ ಕಲಿಯಬೇಕಿತ್ತು. ವಿಭಾಗದ ಮುಖ್ಯಸ್ಥರು ಧಾರವಾಡದ ವಿಚಾರ ಸಂಕಿರಣಕ್ಕೆ ಹೋದದ್ದು ಸಾಧನೆ. ವಾಪಸು ಬಂದದ್ದು ಬರೆದಿರಲಿಲ್ಲ, ಅಷ್ಟೇ. ಇತಿಹಾಸದವರು ದೇವದುರ್ಗದ ಶಾಲೆಯೊಂದರ ರಂಗೋಲಿ ಸ್ಪರ್ಧೆಗೆ ತೀರ್ಪುಗಾರರಾದದ್ದು ಸಾಧನೆ. ಕೃಷ್ಣೆಯ ದಂಡೆಯ ಗೂಗಲ್ ಎಂಬ ಹಳ್ಳಿಯ ಅಲ್ಲಮಪ್ರಭು ಗುಡಿಗೆ ವಿದ್ಯಾರ್ಥಿಗಳು ಪ್ರವಾಸ ಹೋಗಿ ಹೊಳೆಯಲ್ಲಿ ಈಜಿ ಬಂದದ್ದು 'ಕ್ಷೇತ್ರಕಾರ್ಯ' ಎಂಬ ಹೆಸರಿನಲ್ಲಿ ಒಂದು ಇಡೀ ಮಳೆಗಾಲ ಗಾಜಿನೊಳಗೆ ಕೂತಿತ್ತು. ಮಳೆಗಾಲ ಎಂದು ಬರೆದುಬಿಟ್ಟೆ. ರಾಯಚೂರಿನಲ್ಲಿ ನೆನಪಿಗೆ ಬೇಕಾದಷ್ಟು ಮಳೆ ಯಾವ ವರ್ಷವೂ ಬರುತ್ತಿರಲಿಲ್ಲ. ಬಿಸಿಲಿನಲ್ಲೇ ಇದ್ದಿರಬೇಕು.

ಈ ಬೋರ್ಡಿಗೆ ಒಂದು ನಿಜವಾದ ಸಾಧನೆ ಬೇಕೆಂದು ಮುಖ್ಯಸ್ಥರಿಗೆ ಹಸಿವು ಹತ್ತಿದ್ದು ಒಬ್ಬ ವಿದ್ಯಾರ್ಥಿನಿಯ ಕಾರಣಕ್ಕೆ. ಅವಳು ದೇವದುರ್ಗ ತಾಲ್ಲೂಕಿನ ಮಸರಕಲ್ ಕಡೆಯ, ಕುರಿ ಕಾಯುವ ಮನೆಯ ಹುಡುಗಿ. ಮನೆಯವರು ಅರ್ಧ ವರ್ಷ ಹಿಂಡಿನ ಜೊತೆ ಊರೂರು ತಿರುಗುವವರು. ಎಂ.ಎ. ಮುಗಿಯಿತು ಅಂದರೆ ಹಾಸ್ಟೆಲಿನ ಕೋಣೆ ಬಿಡಬೇಕು. ಅಲ್ಲಿಂದ ಮುಂದೆ ಎರಡೇ ದಾರಿ: ಕೆಲಸ ಸಿಕ್ಕರೆ ಯಾವುದಾದರೂ ಪಟ್ಟಣದಲ್ಲಿ ಒಂದು ಖೋಲಿ, ಅವಳದೇ ಬಾಡಿಗೆ ಕೋಣೆ; ಸಿಗದಿದ್ದರೆ ದೀಪಾವಳಿಯ ಒಳಗೆ ಸೋದರಮಾವನ ಜೊತೆ ಮದುವೆ, ಆಮೇಲೆ ಹಿಂಡು. ಈ ಕರಾರನ್ನು ಅಪ್ಪ-ಮಗಳು ಜಗಳವಿಲ್ಲದೆ ಮಾಡಿಕೊಂಡಿದ್ದರು. ಅವಳು ಅದನ್ನು ನನಗೆ ಹೇಳಿದ್ದು ಬಸ್ಸಿನ ವೇಳೆ ಹೇಳಿದಷ್ಟೇ ಸಪ್ಪೆಯಾಗಿ.

ಪರೀಕ್ಷೆ ಮುಗಿದ ಮೇಲೆ ಮುಖ್ಯಸ್ಥರು ಧಾರವಾಡದ ಇನ್ನೊಂದು ಸಂಕಿರಣಕ್ಕೆ ಹೋದರು. ಅಲ್ಲಿ ಅವರ ಹಳೆಯ ಸಹಪಾಠಿಯೊಬ್ಬ ಊಟದ ಪಂಕ್ತಿಯಲ್ಲಿ, ನಿಮ್ಮ ಕೇಂದ್ರದ ಉತ್ತರಪತ್ರಿಕೆಯೊಂದನ್ನು ತಿದ್ದಿದೆ, ಹೆಣ್ಣುಮಗಳ ಅಕ್ಷರ, ಹಳಗನ್ನಡ ಬಹಳ ಚೆನ್ನಾಗಿ ಬರೆದಿದ್ದಾಳೆ ಎಂದನಂತೆ. ಒಂದು ವಿಷಯದ ಒಂದು ಪತ್ರಿಕೆ. ಆ ಮಾತು ಧಾರವಾಡದಿಂದ ರಾಯಚೂರಿಗೆ ಬರುವ ದಾರಿಯಲ್ಲಿ ಎಲ್ಲೆಲ್ಲಿ ಹತ್ತಿ ಇಳಿಯಿತೋ, ರೈಲು ನಿಲ್ದಾಣದಿಂದ ಕೇಂದ್ರಕ್ಕೆ ಬಂದು ಮುಟ್ಟುವ ಹೊತ್ತಿಗೆ ಮೊದಲನೆಯ ರ‍್ಯಾಂಕು ಆಗಿತ್ತು. ಮುಖ್ಯಸ್ಥರೇ ಸ್ವತಃ ಟೈಪ್ ಮಾಡಿಸಿ ಬೋರ್ಡಿಗೆ ಹಾಕಿದರು. 'ಬರಲಿರುವ' ಎಂಬ ಪದವನ್ನು ಸೇರಿಸೋಣವೇ ಎಂದು ಯಾರೋ ಕೇಳಿದ್ದಕ್ಕೆ, ಬರಲಿರುವುದನ್ನೆಲ್ಲ ಬರೆಯುತ್ತಾ ಹೋದರೆ ಬೋರ್ಡು ಸಾಲುವುದಿಲ್ಲ ಎಂದರು.

ಸುದ್ದಿ ಮಾನ್ವಿಗೆ ಹೋಗಲು ತಡವಾಗಲಿಲ್ಲ. ಅಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಆ ವರ್ಷ ಕಾಲೇಜು ತೆರೆಯುವವರಿದ್ದರು. ಸಿರವಾರದ ಸಾಹುಕಾರರು ತೆರೆಯುವುದಕ್ಕೆ ಮೊದಲು ತಾವು ತೆರೆಯಬೇಕು ಎಂಬುದು ಅವರ ಶಿಕ್ಷಣ ನೀತಿಯಾಗಿತ್ತು. ದಿನಾ ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಗಿರಣಿಯ ಕಟ್ಟೆಯ ಮೇಲೆ ಕೂತು ಊರಿಗೆ ಯಾರನ್ನು ಕರೆಸಿ ಶಾಲು ಹೊದಿಸಬೇಕು ಎಂದು ಯೋಚಿಸುವ ಸಜ್ಜನರು. ರ‍್ಯಾಂಕು ಬಂದ ಹುಡುಗಿ, ಅದೂ ಪಕ್ಕದ ತಾಲ್ಲೂಕಿನವಳು ಎಂದು ಕೇಳಿದ ಕೂಡಲೇ ಪಂಚಾಂಗ ತರಿಸಿದರು. ಜ್ಯೇಷ್ಠ ಮುಗಿಯುತ್ತಾ ಬಂದಿತ್ತು. ಫಲಿತಾಂಶ ಬರುವುದು ಆಷಾಢದಲ್ಲಿ. ಆಷಾಢದಲ್ಲಿ ಶುಭಕಾರ್ಯ ಇಲ್ಲ. ಶ್ರಾವಣದಲ್ಲಿ ಅವರ ಮನೆಯಲ್ಲಿ ತಿಂಗಳು ಪೂರ್ತಿ ಪುರಾಣ, ಬೇರೆ ಸಮಾರಂಭಕ್ಕೆ ಬಿಡುವಿಲ್ಲ. ಆದ್ದರಿಂದ ಸನ್ಮಾನವನ್ನು ಜ್ಯೇಷ್ಠದಲ್ಲೇ ಮುಗಿಸಿಬಿಡುವುದೆಂದು ನಿರ್ಧಾರವಾಯಿತು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ ಎಂಬುದನ್ನು ಈಗ ಯಾರಿಗೆ ಹೇಳಿದರೂ ನಂಬುವುದಿಲ್ಲ. ಮದುವೆಯನ್ನು ಹಿಂದೆ ಮುಂದೆ ಮಾಡುವಷ್ಟೇ ಸಹಜವಾಗಿ ಮಾಡಿದರು.

ಗಿರಣಿಯ ಕಣದಲ್ಲಿ ಶಾಮಿಯಾನ ಹಾಕಿದ್ದರು. ಬೇಸಿಗೆ ಬೆಳೆಯ ಭತ್ತ ಒಣಗಿಸಿ ಎತ್ತಿದ್ದರಿಂದ ಸಿಮೆಂಟಿನ ನೆಲ ಖಾಲಿ ಇತ್ತು. ಕುದಿಸಿದ ಭತ್ತದ ವಾಸನೆ ಮಾತ್ರ ಉಳಿದಿತ್ತು. ಮಸರಕಲ್‌ನಿಂದ ಒಂದು ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ಹುಡುಗಿಯ ಅಪ್ಪನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂಡಿಸಿದ್ದರು. ಆತ ಕುರ್ಚಿಯ ತುದಿಯಲ್ಲಿ, ಯಾರಾದರೂ ಕೇಳಿದರೆ ಬಿಟ್ಟುಕೊಡುವವನ ಹಾಗೆ ಕೂತಿದ್ದ. ವೇದಿಕೆ ಏರುವ ಮೊದಲು ಹುಡುಗಿ ಸಾಹುಕಾರರ ಹತ್ತಿರ ಹೋಗಿ ನಿಂತಳು.

"ರಿಸಲ್ಟ್ ಇನ್ನಾ ಬಂದಿಲ್ರೀ," ಅಂದಳು.

"ಗೊತ್ತದವ್ವಾ. ಅದು ಬರೂದು ಆಷಾಢದಾಗ," ಎಂದರು ಸಾಹುಕಾರರು. "ಆಷಾಢದಾಗ ಯಾರರೆ ಶಾಲು ಹೊದಸ್ತಾರೇನು? ಅದಕ್ಕ ಈಗೇ ಹೊದಸಾಕತ್ತೀವಿ."

"ಬರದಿದ್ರ?"

"ಬರ್ತದ. ನಿಮ್ಮ ಸರ್ ಹೇಳ್ಯಾರಲ್ಲ, ಅಷ್ಟು ದೊಡ್ಡವ್ರು."

ಅಷ್ಟು ದೊಡ್ಡವರು ಆಗಲೇ ಮೈಕಿನ ಎತ್ತರ ಸರಿಮಾಡಿಕೊಳ್ಳುತ್ತಿದ್ದರು. ಈ ಪ್ರತಿಭೆಯನ್ನು ಕುರಿಹಟ್ಟಿಯಿಂದ ತಾವು ಹೇಗೆ ಹೆಕ್ಕಿ ತೆಗೆದರೆಂದು ಬಹಳ ಹೊತ್ತು ವಿವರಿಸಿದರು. ಅವರು ಹೆಕ್ಕಿರಲಿಲ್ಲ, ಅವಳೇ ಅರ್ಜಿ ಹಾಕಿ ಬಂದಿದ್ದಳು. ಆ ದಿನ ಮೂರು ಶಾಲು ಹೊದಿಸಿದರು. ಒಂದು ಹುಡುಗಿಗೆ, ಒಂದು ಮುಖ್ಯಸ್ಥರಿಗೆ, ಮೂರನೆಯದು ಸಾಹುಕಾರರಿಗೆ. ಅದನ್ನು ಅವರ ಗಿರಣಿಯ ಮ್ಯಾನೇಜರೇ ಹೊದಿಸಿದ. ಕೊನೆಗೆ ಸಾಹುಕಾರರು ಮೈಕು ಹಿಡಿದು, ತಮ್ಮ ಕಾಲೇಜಿಗೆ ಕನ್ನಡ ಕಲಿಸಲು ಬೇರೆ ಯಾರನ್ನೂ ಹುಡುಕುವುದಿಲ್ಲ, ರ‍್ಯಾಂಕು ಬಂದ ಈ ಹುಡುಗಿಯೇ ಲೆಕ್ಚರರ್, ಶ್ರಾವಣದಲ್ಲಿ ಸಂದರ್ಶನ ಒಂದು ಶಾಸ್ತ್ರಕ್ಕೆ ಎಂದು ಘೋಷಿಸಿದರು. ಟ್ರ್ಯಾಕ್ಟರಿನ ಜನ ಚಪ್ಪಾಳೆ ತಟ್ಟಿದರು. ಹುಡುಗಿಯ ಮುಖ ನನಗೆ ನೆನಪಿಲ್ಲ. ಇಂಥ ಕಡೆ ಬರೆಯುವವರು ಒಂದು ಮುಖವನ್ನು ತಂದು ಅಂಟಿಸುತ್ತಾರೆ, ಕಣ್ಣಂಚಿನಲ್ಲಿ ಒಂದು ಹನಿಯನ್ನೂ. ನಾನು ಕೂತಿದ್ದು ಕಂಬದ ಹಿಂದೆ.

ಆಷಾಢ ಬಂತು, ಫಲಿತಾಂಶವೂ ಬಂತು. ಅವಳಿಗೆ ಪ್ರಥಮ ದರ್ಜೆ. ರ‍್ಯಾಂಕು ಇಲ್ಲ, ಮೊದಲನೆಯದೂ ಇಲ್ಲ, ಕೊನೆಯದೂ ಇಲ್ಲ. ವಿಶ್ವವಿದ್ಯಾಲಯ ಕಳಿಸಿದ ಪಟ್ಟಿಯನ್ನು ಜವಾನ ಅದೇ ಗಾಜಿನೊಳಗೆ ಹಚ್ಚಿ, ಬೀಗ ಹಾಕಿ, ಕೀಲಿ ಕಿಸೆಯಲ್ಲಿಟ್ಟುಕೊಂಡು ರಜೆಯ ಮೇಲೆ ಊರಿಗೆ ಹೋದ. ಹಾಗಾಗಿ ಅವಳಿಗೆ ಮೊದಲ ರ‍್ಯಾಂಕು ಬಂದಿದೆ ಎಂಬ ಹಾಳೆಯೂ ಬಂದಿಲ್ಲ ಎಂಬ ಹಾಳೆಯೂ ಅಕ್ಕಪಕ್ಕದಲ್ಲಿ ಅವನು ಬರುವ ತನಕ ಶಾಂತವಾಗಿ ನೇತಾಡಿದವು. ನೀರು ಕುಡಿಯಲು ಬಂದವರು ಎರಡನ್ನೂ ಓದಿ, ಎರಡನ್ನೂ ಒಪ್ಪಿಕೊಂಡು ಹೋಗುತ್ತಿದ್ದರು. ನಮ್ಮ ಕೇಂದ್ರದಲ್ಲಿ ಓದುವುದು ಅಂದರೆ ಇದೇ ಆಗಿತ್ತು.

ಮುಖ್ಯಸ್ಥರು ಕಂಗಾಲಾದರು. ಹುಡುಗಿಯ ಕೆಲಸ ಹೋಗುತ್ತದೆಂದಲ್ಲ, ತಮ್ಮ ಮಾತು ಹೋಯಿತೆಂದು. ಮೊದಲು 'ಕೇಂದ್ರಕ್ಕೆ ಪ್ರಥಮ' ಎಂದು ಮಾಡೋಣ ಎಂದರು. ಕೇಂದ್ರದಲ್ಲಿಯೂ ಅವಳಿಗಿಂತ ಮುಂದೆ ಒಬ್ಬನಿದ್ದ. ಅವನಿಗೆ ಬ್ಯಾಂಕಿನಲ್ಲಿ ನೌಕರಿಯಾಗಿದೆ, ಅವನನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂದರು. ಆಮೇಲೆ 'ಮಹಿಳೆಯರಲ್ಲಿ ಪ್ರಥಮ' ಎಂದು, ಆಮೇಲೆ 'ದೇವದುರ್ಗ ತಾಲ್ಲೂಕಿಗೆ ಪ್ರಥಮ' ಎಂದು. ದೇವದುರ್ಗ ತಾಲ್ಲೂಕಿನಿಂದ ಅವಳೊಬ್ಬಳೇ ಇದ್ದಳು. ಒಂದು ಸಾಧನೆ ಕುಗ್ಗುತ್ತಾ ಕುಗ್ಗುತ್ತಾ ಹೋಗಿ ಕಡೆಗೆ ಅವಳು ಹುಟ್ಟಿದ್ದೇ ಸಾಧನೆ ಎಂಬಲ್ಲಿಗೆ ಬಂದು ನಿಂತಿತು. ಅದರಲ್ಲೇನೂ ಸುಳ್ಳಿರಲಿಲ್ಲ.

ಕೊನೆಗೆ ನನ್ನನ್ನು ಜೊತೆಗೆ ಕರೆದುಕೊಂಡು ಬಸ್ಸಿನಲ್ಲಿ ಮಾನ್ವಿಗೆ ಹೋದರು. ದಾರಿಯುದ್ದಕ್ಕೂ ಸಾಹುಕಾರರಿಗೆ ಹೇಳಬೇಕಾದ ವಾಕ್ಯವನ್ನು ತಿದ್ದುತ್ತಿದ್ದರು. ಆ ಮನುಷ್ಯ ತಮ್ಮ ಪ್ರಬಂಧವನ್ನು ಅಷ್ಟು ತಿದ್ದಿದ್ದರೆ ಅದು ಓದುವಂತೆ ಇರುತ್ತಿತ್ತು. ಗಿರಣಿಯಲ್ಲಿ ಸಾಹುಕಾರರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಅವಳನ್ನು ತೆಗೆದುಹಾಕಿ ನಿಜವಾದ ರ‍್ಯಾಂಕಿನವನನ್ನು ಹುಡುಕುತ್ತಾರೆ ಎಂದು ನಾನು ಅಂದುಕೊಂಡಿದ್ದೆ.

"ಸರ್, ಆ ಶಾಲು ನಾ ಊರ ಮುಂದ ಹೊದಿಸೀನಿ," ಎಂದರು ಸಾಹುಕಾರರು. "ಸುಮ್ನ ಹೊದಿಸಿದ್ದು ಅಂದ್ರ ನಾಳಿ ನನ್ನ ಕೈಯಾಗಿಂದು ಶಾಲು ಯಾರು ಹೊದಸ್ಕೋತಾರ? ಅಕಿಗಿ ರ‍್ಯಾಂಕ್ ಬಂದದ. ನಿಮ್ಮ ಯುನಿವರ್ಸಿಟಿ ಒಪ್ಪಂಗಿಲ್ಲಂದ್ರ ಅದು ನಿಮ್ಮ ಯುನಿವರ್ಸಿಟಿ ತ್ರಾಸು. ಸಿರವಾರದವ್ರ ಕಿವಿಗಿ ಮಾತ್ರ ಬೀಳಬಾರದು."

ಮುಖ್ಯಸ್ಥರ ಮುಖಕ್ಕೆ ರಕ್ತ ವಾಪಸು ಬಂತು. ಒಂದು ವಿಶ್ವವಿದ್ಯಾಲಯದ ಫಲಿತಾಂಶವನ್ನು ಅಕ್ಕಿ ಗಿರಣಿಯ ಕಟ್ಟೆಯ ಮೇಲೆ ಚಹಾ ಆರುವುದರೊಳಗೆ ತಿದ್ದಿಬಿಡಬಹುದು ಎಂದು ನಾನು ಕಲಿತದ್ದು ಅಂದು.

ಸಂದರ್ಶನ ನಡೆದದ್ದು ಶ್ರಾವಣದ ಒಂದು ಸೋಮವಾರ, ಸಾಹುಕಾರರ ಮನೆಯ ಹೊರ ಕೋಣೆಯಲ್ಲಿ. ಹೊರಗಿನಿಂದ ಒಬ್ಬ ನಿವೃತ್ತ ಪ್ರಾಧ್ಯಾಪಕರನ್ನು ವಿಷಯತಜ್ಞರೆಂದು ಕರೆಸಿದ್ದರು. ಅವರು ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಬೆವರುತ್ತಾ ಕೂತಿದ್ದರು. ಅವಳಿಗಿಂತ ಬೇರೆ ಅಭ್ಯರ್ಥಿ ಇರಲಿಲ್ಲ. ನಾನು ಬಾಗಿಲ ಹೊರಗಿನ ಬೆಂಚಿನಲ್ಲಿದ್ದೆ. ಬಾಗಿಲು ತೆರೆದೇ ಇತ್ತು. ತಜ್ಞರು ಮೊದಲ ಪ್ರಶ್ನೆಯಾಗಿ, ರ‍್ಯಾಂಕು ಪಡೆಯಲು ದಿನಕ್ಕೆ ಎಷ್ಟು ಗಂಟೆ ಓದುತ್ತಿದ್ದಿರಿ ಎಂದು ಕೇಳಿದರು.

"ನನಗ ರ‍್ಯಾಂಕ್ ಬಂದಿಲ್ರೀ ಸರ್," ಅಂದಳು. "ಫಸ್ಟ್ ಕ್ಲಾಸ್ ಅಷ್ಟ ಬಂದದ."

ಒಳಗಿನಿಂದ ಸಾಹುಕಾರರ ನಗು ಕೇಳಿಸಿತು.

"ನೋಡ್ರಿ ಸರ್, ವಿನಯ ನೋಡ್ರಿ. ಇಷ್ಟು ಓದಿ ಬಂದೇ ಇಲ್ಲಂತಾಳ."

"ವಿನಯ ಅಲ್ರೀ," ಅಂದಳು ಅವಳು. "ಪಟ್ಟಿಯೊಳಗ ನನ್ನ ಹೆಸರಿಲ್ಲ."

ಇದನ್ನು ಕೇಳಿ ತಜ್ಞರು ಕರಗಿಹೋದರು. ಶರಣರ ಕಿಂಕರಭಾವದ ಬಗ್ಗೆ ಮಾತಾಡತೊಡಗಿದರು. ಈಗಿನ ಹುಡುಗರು ಇಲ್ಲದ್ದನ್ನು ಇದೆ ಅನ್ನುತ್ತಾರೆ, ಈ ಹೆಣ್ಣುಮಗಳು ಇದ್ದದ್ದನ್ನು ಇಲ್ಲ ಅನ್ನುತ್ತಿದ್ದಾಳೆ, ಇದೇ ಈ ನೆಲದ ಸಂಸ್ಕೃತಿ ಎಂದರು. ಅವರ ಪಕ್ಕದಲ್ಲಿ ಕೂತಿದ್ದ ಮುಖ್ಯಸ್ಥರು ಹೌದು ಹೌದು ಎಂದು ತಲೆಯಾಡಿಸಿದರು. ಅವಳು ಇನ್ನೊಮ್ಮೆ ಬಾಯಿ ತೆರೆಯುವುದರೊಳಗೆ ಕೆಲಸ ಕೊಟ್ಟುಬಿಟ್ಟಿದ್ದರು. ನಿಜ ಹೇಳಿದ್ದಕ್ಕೆ ಸುಳ್ಳು ಇನ್ನಷ್ಟು ಗಟ್ಟಿಯಾದದ್ದನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ. ಒಗ್ಗರಣೆಯ ವಾಸನೆಯ ಜೊತೆಗೆ ನೋಡಿದ್ದು ಅದೇ ಮೊದಲು.

ಈ ಸಂಗತಿ ಹೇಳಿದಾಗಲೆಲ್ಲ ನನ್ನ ಬರಹಗಾರ ಗೆಳೆಯರಿಗೆ ಅವಳು ಆ ಕೋಣೆಯಿಂದ ಎದ್ದು ಹೊರಟುಹೋಗಬೇಕು. ಶಾಲನ್ನು ಮೇಜಿನ ಮೇಲೆ ಎಸೆಯಬೇಕು. ಒಬ್ಬ ಗೆಳೆಯ, ಅವಳು ಕಂಬಳಿ ಹೊದ್ದು ಹಿಂಡಿನ ಜೊತೆ ಹೊಳೆ ದಾಟುವ ಒಂದು ಕೊನೆಯನ್ನೂ ಕಟ್ಟಿಕೊಟ್ಟ. ಅವನು ಹಿಂಡಿನ ಜೊತೆ ಒಂದು ಫರ್ಲಾಂಗೂ ನಡೆದವನಲ್ಲ. ಅವಳು ಎದ್ದು ಹೋಗಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತು, ಚಪ್ಪಲಿಯಲ್ಲಿ ಹೆಬ್ಬೆರಳು ತೂರಿಸುವ ಉಂಗುಷ್ಠ ಸರಿಮಾಡಿಕೊಂಡಳು. ಆ ತಜ್ಞರಿಗೆ ನಾಳೆಯೇ ಪಟ್ಟಿಯನ್ನು ಅಂಚೆಯಲ್ಲಿ ಕಳಿಸಬಹುದು ಎಂದು ನಾನು ಅವಳಿಗೆ ಹೇಳಿದೆ. ಅವಳು ನನ್ನನ್ನು, ದಾರಿ ತಪ್ಪಿ ಬಂದವನನ್ನು ನೋಡುವ ಹಾಗೆ ನೋಡಿದಳು.

"ಎರಡು ಸಲ ಹೇಳೀನ್ರೀ ಸರ್, ಎಲ್ಲಾರ ಎದುರು. ಮೂರನೇ ಸಲ ಹೇಳೂದು ನನ್ನ ಕೆಲಸಲ್ಲ," ಅಂದಳು. "ನಿಮಗ ಖರೇ ಅನ್ನೂದು ಛಲೋ ಕಾಣ್ತದ, ಊರಾಗ ಮನಿ ಅದ, ನೌಕರಿ ಅದ. ನನಗ ಖೋಲಿ ಬೇಕ್ರೀ."

ಅಷ್ಟು ಹೇಳಿ ಒಳಗೆ ಹೋಗಿ, ತರಗತಿ ಎಂದಿನಿಂದ, ಎಲ್ಲಿ, ಕರಿಹಲಗೆ ಇದೆಯೇ ಎಂದು ಸಾಹುಕಾರರನ್ನು ಕೇಳಿದಳು. ಆ ದಿನ ಆ ಮನೆಯಲ್ಲಿ ಪಾಠದ ಬಗ್ಗೆ ಯಾರಾದರೂ ಆಡಿದ ಮಾತು ಅದೊಂದೇ.

ಕರಿಹಲಗೆ ಇರಲಿಲ್ಲ. ಕಟ್ಟಡವೂ ಇರಲಿಲ್ಲ. ಸಿರವಾರಕ್ಕಿಂತ ಮೊದಲು ತೆರೆಯುವ ಅವಸರದಲ್ಲಿ ಅದನ್ನು ಕಟ್ಟಿಸುವುದು ಉಳಿದುಹೋಗಿತ್ತು. ಗಿರಣಿಯ ಗೋದಾಮಿನ ಅರ್ಧವನ್ನು ತೆರವು ಮಾಡಿ ಬೆಂಚು ಹಾಕಿದರು. ಇನ್ನರ್ಧದಲ್ಲಿ ಚೀಲಗಳು ಛಾವಣಿಯ ತನಕ ಇದ್ದವು. ಉದ್ಘಾಟನೆಗೆ ಮುಖ್ಯಸ್ಥರು ಬರಲೇಬೇಕಿತ್ತು, ತಮ್ಮ ವಿದ್ಯಾರ್ಥಿನಿಯನ್ನು ಲೆಕ್ಚರರ್ ಮಾಡಿದ್ದು ಅವರ ಆ ಸಾಲಿನ ಸಾಧನೆಯಾಗಿತ್ತಲ್ಲ. ನಾನು ಅವರ ಜೊತೆಗೆ ಹೋಗಿ ಚೀಲಗಳ ಪಕ್ಕದಲ್ಲಿ ನಿಂತೆ.

ಸಾಹುಕಾರರು ಹುಡುಗರಿಗೆ ಅವಳ ಪರಿಚಯ ಮಾಡಿಕೊಟ್ಟರು. ಇಡೀ ವಿಶ್ವವಿದ್ಯಾಲಯಕ್ಕೆ ಮೊದಲು ಬಂದವಳು, ಆದರೂ ಬಂದಿಲ್ಲ ಎಂದೇ ಹೇಳುತ್ತಾಳೆ, ಅವಳ ಬಾಯಿಂದ ಅದನ್ನು ಹೊರಡಿಸಲು ತಮ್ಮಿಂದಲೂ ಆಗಲಿಲ್ಲ, ನೀವೂ ಇಂಥ ವಿನಯ ಕಲಿಯಬೇಕು ಎಂದರು. ಹುಡುಗರು ಚಪ್ಪಾಳೆ ತಟ್ಟಿದರು. ಎಲ್ಲರೂ ಅವಳ ಕಡೆ, ಈಗ ಅಲ್ಲಗಳೆಯುತ್ತಾಳೆ ಎಂದು ನೋಡುತ್ತಿದ್ದರು. ಅದನ್ನು ನೋಡುವುದಕ್ಕೇ ಮುಖ್ಯಸ್ಥರು ಆಗಲೇ ನಗುಮುಖ ತಯಾರು ಮಾಡಿಕೊಂಡಿದ್ದರು.

ಅವಳು ಮೂರನೇ ಸಲ ಅಲ್ಲಗಳೆಯಲಿಲ್ಲ. ಚಪ್ಪಾಳೆ ನಿಲ್ಲುವ ತನಕ ಕಾದಳು. ಹೊಸದಾಗಿ ತಂದಿದ್ದ ಹಲಗೆಯನ್ನು ಚೀಲಗಳಿಗೆ ಒರಗಿಸಿದ್ದರು, ಅದನ್ನು ಸ್ವಲ್ಪ ಬೆಳಕಿನ ಕಡೆಗೆ ಎಳೆದು ನೆಟ್ಟಗೆ ಮಾಡಿದಳು. ಆಮೇಲೆ ಸಾಹುಕಾರರ ಕಡೆಗೂ ಮುಖ್ಯಸ್ಥರ ಕಡೆಗೂ ತಿರುಗಿ, ಪಾಠ ಶುರು ಮಾಡುತ್ತೇನೆ, ನೀವು ಇನ್ನು ಹೊರಗೆ ಕೂಡಬಹುದು ಎಂದು ಮರ್ಯಾದೆಯಿಂದ ಹೇಳಿದಳು. ನಾವು ಮೂವರೂ ಹೊರಗೆ ಬಂದೆವು. ಬಾಗಿಲನ್ನು ಒಳಗಿನಿಂದ ಅವಳೇ ಎಳೆದುಕೊಂಡಳು.