ಹೂಂ ಅಂದವರು ಯಾರು

ದೆವ್ವ, ಭೂತ ಅಂದರೆ ಪಕಪಕ ನಕ್ಕುಬಿಡುವವಳು ನಾನು. ಮೂಡಲಗಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಆರು ವರ್ಷ ಪಾಠ ಹೇಳಿದವಳು, ಕಾರಣವಿಲ್ಲದೆ ಏನೂ ಆಗುವುದಿಲ್ಲ ಅಂತ ಹುಡುಗರ ತಲೆ ತಿಂದವಳು. ಹಾಗಾಗಿ ಇದನ್ನು ಬರೆಯಲು ನನಗೇ ನಾಚಿಕೆ. ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು.

ಕ್ಲಾಸು ಮುಚ್ಚಿದ ಮೇಲೆ, ಹೊರದೇಶ ತಿರುಗುತ್ತ ಹೊಸ ವಿದ್ಯೆ ಕಲಿತು ಗುತ್ತಿಗೆ ಮೇಲೆ ಸಾಫ್ಟ್‌ವೇರ್ ಕೆಲಸ ಹಿಡಿಯುತ್ತೇನೆಂದು ಹೊರಟೆ. ಹುಕ್ಕೇರಿಯ ಅಣ್ಣ ಒಂದೇ ಕರಾರು ಹಾಕಿದ್ದ. ವೀಸಾ ಮುಗಿಯುವುದರೊಳಗೆ ಕೆಲಸ ಸಿಗದಿದ್ದರೆ ತೆಪ್ಪಗೆ ಬಂದು ಅವನ ಗೊಬ್ಬರದ ಅಂಗಡಿಯಲ್ಲಿ ಕೂಡಬೇಕು. ವಿಯೆಟ್ನಾಮಿನ ಹನೋಯ್ ಊರಿನ ಬಾಡಿಗೆ ಖೋಲಿಯಲ್ಲಿ ಕೂತಾಗ ಉಳಿದದ್ದು ನಾಲ್ಕೇ ದಿನ.

ನಾನು ಕಲಿಯುವ ರೀತಿ ಸ್ವಲ್ಪ ಬೇರೆ. ಬರೆದ ಪ್ರೋಗ್ರಾಮನ್ನು ಕುಲಗೋಡದ ಚಿಗವ್ವನಿಗೆ, ಅಂದರೆ ನಮ್ಮ ಚಿಕ್ಕಮ್ಮನಿಗೆ, ಫೋನಿನಲ್ಲಿ ಕತೆಯಂತೆ ಹೇಳುತ್ತೇನೆ. ನಮ್ಮ ಕಡೆ ಕತೆ ಕೇಳುವವರು ಹೂಂಗುಟ್ಟಲೇಬೇಕು, ಇಲ್ಲದಿದ್ದರೆ ಕತೆ ಮುಂದೆ ಹೋಗದು. ಚಿಗವ್ವನಿಗೆ ಒಂದಕ್ಷರ ತಿಳಿಯದು, ಖರೆ. ಆದರೆ ನನ್ನ ಮಾತು ಎಲ್ಲಿ ತಡವರಿಸುತ್ತದೋ ಅಲ್ಲಿ ಅವಳ ಹೂಂ ನಿಲ್ಲುತ್ತದೆ. ತಪ್ಪು ಅಲ್ಲೇ ಸಿಗುತ್ತದೆ.

ಅವತ್ತು ಒಂದು ಕಂಪನಿಯವರು ಪರೀಕ್ಷೆ ಕೊಟ್ಟಿದ್ದರು: ಲಾಡ್ಜಿನ ಖೋಲಿ ಕಾಯ್ದಿರಿಸುವ ಪ್ರೋಗ್ರಾಮು. ಸಂಜೆ ಐದರೊಳಗೆ ಸರಿಯಾಗಿ ಕಳಿಸಿದರೆ ಒಂದು ವರ್ಷದ ಗುತ್ತಿಗೆ. ಎಲ್ಲೋ ತಪ್ಪಿತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ. ನಾಲ್ಕು ಗಂಟೆಗೆ ಚಿಗವ್ವನಿಗೆ ಫೋನ್ ಹಚ್ಚಿ ಇಯರ್‌ಫೋನ್ ಸಿಕ್ಕಿಸಿಕೊಂಡೆ. ರಿಂಗು ನಿಂತಿತು, ಹೂಂ ಕೇಳಿಸಿತು. ಊಟ ಆಯಿತೇ ಅಂತಲೂ ಕೇಳದೆ ಶುರು ಮಾಡಿದೆ. ಗಿರಾಕಿ ಬಂದ. ಹೂಂ. ಖೋಲಿ ಕೇಳಿದ. ಹೂಂ. ನಾಲ್ಕು ದಿನ ಇದ್ದ, ಬಿಟ್ಟುಹೋದ. ಹೂಂ ಬರಲಿಲ್ಲ. ಆ ಸಾಲು ನೋಡಿದೆ. ಹೋದವನ ಹೆಸರನ್ನು ನಾನು ಖೋಲಿಯಿಂದ ತೆಗೆದೇ ಇರಲಿಲ್ಲ. ಪ್ರೋಗ್ರಾಮಿನ ಪ್ರಕಾರ ಅವನಿನ್ನೂ ಒಳಗೇ ಇದ್ದ.

ತಿದ್ದಿದೆ. ಖುಷಿಗೆ ಇಯರ್‌ಫೋನ್ ಕಿತ್ತು ಮೇಜಿನ ಮೇಲೆ ಒಗೆದು, "ಸಿಕ್ತ ನೋಡ ಚಿಗವ್ವಾ" ಅಂದೆ.

"ಹೂಂ."

ಅದು ಬೆನ್ನ ಹಿಂದಿನಿಂದ, ಮಂಚದ ಕಡೆಯಿಂದ ಬಂತು. ಮಂಚದ ಮೇಲೆ ನನ್ನ ಚೀಲ ಬಿಟ್ಟರೆ ಏನೂ ಇರಲಿಲ್ಲ. ಫೋನ್ ನೋಡಿದೆ. ಚಿಗವ್ವ ಕರೆ ಎತ್ತಿರಲೇ ಇಲ್ಲ. ಬರಿಗಾಲಲ್ಲೇ ಬೀದಿಗೆ ಓಡಿದೆ.

ಬೀದಿಯಿಂದಲೇ ಚಿಗವ್ವನ ಮಗಳಿಗೆ ಫೋನ್ ಮಾಡಿದೆ. ಇಬ್ಬರೂ ಬೆಳಗಿನಿಂದ ಗೋಕಾಕದ ಕಣ್ಣಿನ ದವಾಖಾನೆಯಲ್ಲಿದ್ದರು. ಚಿಗವ್ವನ ಫೋನು ಕುಲಗೋಡದ ಮನೆಯಲ್ಲೇ ಉಳಿದಿತ್ತು, ಮನೆಗೆ ಬೀಗ. ಅಳುತ್ತಲೇ ಎಲ್ಲ ಹೇಳಿದೆ. ಚಿಗವ್ವ ಮಗಳ ಕೈಯಿಂದ ಫೋನ್ ಇಸಿದುಕೊಂಡಳು. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.

"ಕತಿ ಮುಗಿಸಿ ಬಂದಿಯೇನ ಯವ್ವಾ?"

ಇಲ್ಲ, ಇನ್ನೂ ಹತ್ತು ಸಾಲು ಉಳಿದಿವೆ ಅಂದೆ.

"ಹೂಂ ಅನ್ನಾಕತ್ತವರನ್ನ ಅರ್ಧಕ್ಕ ಬಿಟ್ಟ ಏಳಬಾರದು. ಹೋಗಿ ಮುಗಿಸು."

ಬೇರೆ ದಾರಿಯೂ ಇರಲಿಲ್ಲ. ಲ್ಯಾಪ್‌ಟಾಪು ಒಳಗಿತ್ತು, ಐದಕ್ಕೆ ಅರ್ಧ ತಾಸು ಉಳಿದಿತ್ತು. ಬಾಗಿಲು ತೆರೆದೇ ಇಟ್ಟು, ಗೋಡೆಗೆ ಬೆನ್ನು ಹಚ್ಚಿ ನಿಂತು, ಲ್ಯಾಪ್‌ಟಾಪು ಕೈಯಲ್ಲಿ ಹಿಡಿದು ಹತ್ತು ಸಾಲನ್ನೂ ಓದಿದೆ. ಹತ್ತು ಸಲವೂ ಹೂಂ ಬಂತು, ಪ್ರತಿ ಸಲ ಸ್ವಲ್ಪ ಹತ್ತಿರದಿಂದ. ಕಳಿಸಿದೆ. ಕೆಲಸ ಸಿಕ್ಕಿತು.

ಇಲ್ಲಿಗೆ ಮುಗಿದಿದ್ದರೆ ಭ್ರಮೆ ಅಂದು ಸುಮ್ಮನಾಗುತ್ತಿದ್ದೆ. ಹೋದ ತಿಂಗಳು ಕುಲಗೋಡಕ್ಕೆ ಬಂದೆ. ಚಿಗವ್ವನ ಬಾಜೂ ಕೂತರೆ ಭಯವೇನು ಅಂತ, ಹಳೆಯ ರೂಢಿಯಂತೆ ಹೊಸ ಪ್ರೋಗ್ರಾಮು ಓದತೊಡಗಿದೆ. ಸಾಲು ಸಾಲಿಗೂ ಹೂಂ ಬರುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ತಲೆಯೆತ್ತಿದರೆ ಚಿಗವ್ವ ಬಾಯಿ ತೆರೆದು ಗಾಢ ನಿದ್ದೆ ಹೋಗಿದ್ದಳು. ಹೂಂ ಮಾತ್ರ ಬರುತ್ತಲೇ ಇತ್ತು.

ನಾನು ಓದುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಲು ಧೈರ್ಯವಾಗಲಿಲ್ಲ.