ಹೆಗಲಿಗೆ ಬಿದ್ದ ಮೊದಲ ಒದೆ

ಬ್ಯಾಡಗಿಯಲ್ಲಿ ಹುಟ್ಟಿದವರು ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚುವುದನ್ನು ನೀವೊಮ್ಮೆ ನೋಡಬೇಕು. ಕೈ ಚೀಲದ ಮೇಲಿದ್ದರೂ ಮುಖ ಓಣಿಯ ಕಡೆಗಿರುತ್ತದೆ. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಮೈಯನ್ನು ಆದಷ್ಟು ದೂರವಿಟ್ಟು ಹುರಿ ಎಳೆಯುತ್ತೇವೆ. ಘಾಟಿಗೆ ಅಂಜಿ ಕಲಿತ ಈ ವಿದ್ಯೆ ನಮಗೆ ಅಕ್ಷರಕ್ಕಿಂತ ಮೊದಲೇ ಬಂದಿರುತ್ತದೆ. ಬಂದೂಕು ಹಿಡಿಯುವವರೆಗೂ ಅದು ಎಲ್ಲೆಡೆ ನಡೆಯುತ್ತದೆಂದೇ ನಾನು ನಂಬಿದ್ದೆ.

ಬಂದೂಕು ನನ್ನದಲ್ಲ, ಮಾವನವರದು. ಕದರಮಂಡಲಗಿ ಹತ್ತಿರದ ನಮ್ಮ ಗೋವಿನಜೋಳದ ಹೊಲಕ್ಕೆ ಹಂದಿ ನುಗ್ಗುತ್ತವೆಂದು ಲೈಸೆನ್ಸ್ ಪಡೆದು ಇಟ್ಟುಕೊಂಡದ್ದು. ಬೆದರಿಸಲೆಂದು ಆಕಾಶಕ್ಕೆ ಹಾರಿಸಿದ್ದೇ ಹೆಚ್ಚು. ಈಗ ಅವರ ಕೈ ನಡುಗುತ್ತದೆ. ಲೈಸೆನ್ಸ್ ಮನೆಯ ಇನ್ನೊಬ್ಬರ ಹೆಸರಿಗಾಗಬೇಕು, ಇಲ್ಲವೇ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ನಮ್ಮ ಯಜಮಾನರಿಗೆ ಕುಮಾರಪಟ್ಟಣದ ಕಾರ್ಖಾನೆಯ ಪಾಳಿಯಿಂದ ಬಿಡುವಿಲ್ಲ. "ನಾ ಕಲಿತೀನ್ರಿ ಮಾವಾರ" ಎಂದೆ. ಅವರು ನನ್ನ ಹೆಗಲನ್ನೊಮ್ಮೆ ನೋಡಿ ಬಂದೂಕು ಒರೆಸತೊಡಗಿದರು. ಆ ನೋಟ ಕುಟುಕಿತು. ಕಲಿತೇ ತೀರಬೇಕೆಂಬ ಹಟ ಹುಟ್ಟಿತು.

ಹಾವೇರಿಯಲ್ಲಿ ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ನಡೆಸುತ್ತಾರೆ. ಕೊನೆಯ ದಿನ ಗುರಿ ಮುಟ್ಟಿದರಷ್ಟೇ ಪ್ರಮಾಣಪತ್ರ. ಆ ದಿನ ಮರಳುಚೀಲದ ಹಿಂದೆ ಬೋರಲು ಮಲಗಿದೆ. ಟ್ರಿಗರ್ ಒತ್ತುವ ಹೊತ್ತಿಗೆ ಮೈ ತನ್ನ ಹಳೆಯ ವಿದ್ಯೆ ತೋರಿಸಿತು: ಮುಖ ತಿರುಗಿತು, ಕಣ್ಣು ಮುಚ್ಚಿತು, ಹೆಗಲು ಹಿಂದೆ ಸರಿಯಿತು. ಗುಂಡು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಬಂದೂಕು ಮಾತ್ರ, ಹೊಸಬರು ಹಿಂಡಲು ಕೂತಾಗ ಎಮ್ಮೆ ಒದೆಯುವ ಹಾಗೆ ಒದೆಯಿತು.

ಕಲಿಸುತ್ತಿದ್ದ ಹವಾಲ್ದಾರರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಅಕ್ಕಾರ, ತವರುಮನಿ ಬ್ಯಾಡಗಿ ಏನ್ರಿ?"

"ಹೌದ್ರಿ. ಹೆಂಗ ಗೊತ್ತಾತು?"

"ಆ ಊರಾವ್ರೆಲ್ಲಾ ಸೀನು ಬರತೈತಿ ಅನ್ನೂ ಹಂಗ ಮಾರಿ ತಿರುಗಸ್ತಾರ. ದೂರ ಹಿಡದ್ರ ಒದಿತೈತ್ರಿ. ಅವಚಿ ಹಿಡೀರಿ."

ಅವಚಿ ಹಿಡಿದೆ, ಅಳುವ ಕೂಸನ್ನು ಹಿಡಿದ ಹಾಗೆ. ಈ ಸಲ ಕಣ್ಣು ತೆರೆದೇ ಇತ್ತು. ಢಂ ಎಂದಿತು, ಹೆಗಲಿಗೆ ಬಂದದ್ದು ಒದೆಯಲ್ಲ, ಬರಿಯ ನೂಕು. ದೂರದ ಹಲಗೆಯ ಕರಿಚುಕ್ಕೆಯ ಅಂಚಿನಲ್ಲಿ ತೂತೊಂದು ಕಂಡಾಗ ನನಗೆ ಜಾತ್ರೆಯಷ್ಟು ಸಂತೋಷವಾಯಿತು, ಗೆಳೆಯರೇ. ಎದ್ದು ಕುಣಿಯದೆ ಉಳಿದದ್ದು ಪೊಲೀಸರ ಭಯಕ್ಕೆ. ಗುಂಡು ಮುಂದೆ ಹೋಗಬೇಕಾದರೆ ಬಂದೂಕು ಹಿಂದೆ ಬರಲೇಬೇಕು, ಯಾರದಾದರೂ ಹೆಗಲು ಅದನ್ನು ತಾಳಲೇಬೇಕು. ಇಷ್ಟು ವರ್ಷ ನಮ್ಮ ಮನೆಯ ಹಿಟ್ಟು-ರೊಟ್ಟಿಯ ಹಿಂದೆ ಮಾವನವರ ಹೆಗಲಿತ್ತು ಎಂಬುದು ನನಗೆ ಅಲ್ಲಿ, ಆ ಮಣ್ಣಿನಲ್ಲಿ ಮಲಗಿ ಹೊಳೆಯಿತು. ಮುಂದಿನ ಗುಂಡುಗಳೂ ಹಲಗೆ ಬಿಟ್ಟು ಹೋಗಲಿಲ್ಲ.

ಪ್ರಮಾಣಪತ್ರ ಹಿಡಿದು ಸಂಜೆ ಮನೆಗೆ ಬಂದರೆ ಮಾವನವರು ಕಟ್ಟೆಯ ಮೇಲೆ ಕೂತಿದ್ದರು.

"ಒದೀತೇನವಾ?"

"ಒದೀತ್ರಿ. ಗುರಿನೂ ಮುಟ್ಟಿತ್ರಿ."

ಅವರು ಬ್ಯಾಟರಿ ದೀಪ ತೆಗೆದುಕೊಂಡು ಎಂದಿನಂತೆ ಹೊಲದ ಕಡೆ ಹೊರಟರು. ನಾನು ಬುತ್ತಿ ಹಿಡಿದು ಹಿಂದೆ. ನಮ್ಮ ಹೊಲದ ಬದುವಿನ ಮೇಲೆ ಇಬ್ಬರು ಜೊತೆಯಾಗಿ ನಡೆಯಲಾಗದು; ನಾನು ಸೊಸೆಯಾಗಿ ಬಂದಾಗಿನಿಂದ ಅಲ್ಲಿ ಅವರು ಮುಂದೆ, ನಾನು ಹಿಂದೆ. ಬದು ಬಂದೊಡನೆ ಮಾವನವರು ನಿಂತರು. ಬ್ಯಾಟರಿಯನ್ನು ನನ್ನ ಕೈಗಿಟ್ಟು, ಜೋಳದ ಸಾಲಿಗೆ ಸರಿದು ದಾರಿ ಬಿಟ್ಟರು.

"ನೀ ಮುಂದ ನಡಿಯವಾ" ಎಂದರು, "ನಾ ಹಿಂದ ಬರ್ತೀನಿ."