ಹದಿನೇಳನೇ ಅಧ್ಯಾಯದ ಸ್ಪ್ರಿಂಗು

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಕೀಲಿ ಕೊಡುವ ಹಳೆಯ ಗೋಡೆ ಗಡಿಯಾರವೊಂದು ಹೊಟ್ಟೆ ಬಿಚ್ಚಿಕೊಂಡು ಮಲಗಿದೆ. ಐವತ್ತೆರಡರ ಹೆಂಗಸೊಬ್ಬರು ಕೀಲಿಯನ್ನು ಗಟ್ಟಿಯಾಗಿ ಹಿಡಿದು, ಸ್ಪ್ರಿಂಗಿನ ಬಿಗಿಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಿದ್ದಾರೆ. ಇವರು ಗಡಿಯಾರ ರಿಪೇರಿಯವರಲ್ಲ. ಪ್ರೇಮ ಕಾದಂಬರಿಗಳ ಕರಡು ತಿದ್ದುವವರು. ಪ್ರಕಾಶನದ ಕಚೇರಿಯಲ್ಲಿ ಎಲ್ಲರಿಗೂ ‘ಕರಡಕ್ಕ’.

“ಮನೇಲಿ ಟೈಮ್ ನೋಡೋಕೂ ಗತಿ ಇಲ್ದಂಗೆ ಮಾಡಿದ್ಯಲ್ಲೇ!” ಎಂದು ಅತ್ತೆ ಬಾಗಿಲಲ್ಲೇ ನಿಂತು ಗೊಣಗುತ್ತಾರೆ.

ಇಷ್ಟಕ್ಕೆಲ್ಲ ಕಾರಣ ಹೊಸ ಕಾದಂಬರಿಯ ನಾಯಕಿ. ನೂರೈವತ್ತು ವರ್ಷಗಳ ಹಿಂದೆ ಬಂದರಿನ ಊರೊಂದರಲ್ಲಿ ಗಡಿಯಾರದ ಅಂಗಡಿ ನಡೆಸುವವಳು. ಹದಿನಾರು ಅಧ್ಯಾಯಗಳಲ್ಲಿ ಊರ ಗಂಡಸರಿಗೆಲ್ಲ ನೀರು ಕುಡಿಸಿದ ಈ ಜಾಣೆ, ಹದಿನೇಳರಲ್ಲಿ ಬಿಗಿದ ಸ್ಪ್ರಿಂಗು ಸಡಿಲಿಸದೆ ಗಡಿಯಾರದ ಚಕ್ರ ಬಿಚ್ಚಿ, ಅದು ಚಿಮ್ಮಿ ಕೈ ಕುಯ್ದುಕೊಳ್ಳುತ್ತಾಳೆ. ನಾಯಕ ಓಡಿಬಂದು ಕರ್ಚೀಫು ಕಟ್ಟುತ್ತಾನೆ. ಪ್ರೇಮ ಹುಟ್ಟುತ್ತದೆ. ಕರಡಕ್ಕನಿಗೆ ಮೈಯೆಲ್ಲ ಉರಿಯುತ್ತದೆ.

“ಅಲ್ಲಾ ರೀ, ಆ ಕಸುಬಲ್ಲಿ ಮೊದಲನೇ ದಿನ ಕಲಿಯೋದೇ ಅದು. ನಾನು, ಏನೂ ಗೊತ್ತಿಲ್ದೋಳು, ಆರು ನಿಮಿಷದಲ್ಲಿ ಇಳಿಸ್ದೆ. ಒಂದು ಕರ್ಚೀಫಿಗೋಸ್ಕರ ಅವಳನ್ನ ದಡ್ಡಿ ಮಾಡ್ಬೇಕಾ?”

ಪುಸ್ತಕ ಇವತ್ತು ಹತ್ತು ಗಂಟೆಗೆ ಅಚ್ಚಿಗೆ ಹೋಗಬೇಕು. ಕಾದಂಬರಿಕಾರ್ತಿ ಮೂರು ದಿನದಿಂದ ಜಪ್ಪಯ್ಯ ಅಂದರೂ ಬಗ್ಗಿಲ್ಲ. ಓದುಗರಿಗೆ ಬೇಕಾದ್ದು ಪ್ರೀತಿ, ಗಡಿಯಾರವಲ್ಲ ಎನ್ನುವುದು ಅವರ ವಾದ.

ಕರಡಕ್ಕ ಓದಿದ್ದು ಗಣಿತ. ಮೇಷ್ಟರ ಕೆಲಸ ಸಿಗದೆ, ಎರಡು ತಿಂಗಳ ಮಟ್ಟಿಗೆಂದು ಪ್ರಕಾಶನಕ್ಕೆ ಸೇರಿದವರು, ಇಪ್ಪತ್ಮೂರು ವರ್ಷವಾದರೂ ಅಲ್ಲೇ ಇದ್ದಾರೆ. ದಿನಕ್ಕೆ ಮೂವತ್ತು ಪುಟ, ಇದುವರೆಗೆ ಇನ್ನೂರ ಹನ್ನೆರಡು ಕಾದಂಬರಿ, ಕನ್ನಡಕ ಬದಲಾಗಿದ್ದು ಏಳು ಸಲ. ಅಮಾವಾಸ್ಯೆಯಾದ ನಾಲ್ಕೇ ದಿನಕ್ಕೆ ತುಂಬು ಚಂದ್ರನನ್ನು ತಂದು ನಿಲ್ಲಿಸುವ ಲೇಖಕರ ಜೊತೆ ಏಗಿ ಏಗಿ ಸಾಕಾಗಿದೆ. ಕೃತಜ್ಞತೆಯ ಪುಟದಲ್ಲಿ ಕಾದಂಬರಿಕಾರ್ತಿಯ ಬೆಕ್ಕಿಗೂ ಜಾಗವಿದೆ, ಇವರಿಗಿಲ್ಲ.

ಇವರೂ ಒಮ್ಮೆ ಎಡವಿದ್ದಾರೆ. ಚಂದ್ರನ ಲೆಕ್ಕ ಹಾಕುವ ಭರದಲ್ಲಿ, ನಾಲ್ಕನೇ ಅಧ್ಯಾಯದಲ್ಲಿ ಸತ್ತ ಕುದುರೆಯ ಮೇಲೆ ಒಂಬತ್ತರಲ್ಲಿ ನಾಯಕಿ ಕೂತು ಹೊರಟಿದ್ದನ್ನು ಗಮನಿಸದೆ ಅಚ್ಚಿಗೆ ಬಿಟ್ಟುಬಿಟ್ಟರು. “ಓದುಗರಿಂದ ಇಪ್ಪತ್ತಾರು ಕಾಗದ ಬಂತು. ಅಷ್ಟನ್ನೂ ತಂದು ನನ್ನ ಮೇಜಿನ ಮೇಲೆ ಸುರಿದ್ರು. ಹೊಗಳಿ ಬಂದಿದ್ದು ಮಾತ್ರ ನೇರ ಬರೆದೋರ ಮನೆಗೆ ಹೋಗುತ್ತೆ!”

ಎಂಟು ಗಂಟೆಗೆ ಕಾದಂಬರಿಕಾರ್ತಿಗೆ ಫೋನು ಹಚ್ಚುತ್ತಾರೆ. “ಮೇಡಂ, ನಾಯಕನೇ ದೊಡ್ಡಸ್ತಿಕೆ ತೋರ್ಸೋಕೆ ಹೋಗಿ ಕೈ ಕುಯ್ಕೊಳ್ಳಲಿ. ಇವಳು ಬೈದು ಕಟ್ಟು ಕಟ್ಟಲಿ. ನಿಮ್ಮ ಕರ್ಚೀಫೂ ಉಳಿಯುತ್ತೆ.” ಆ ಕಡೆ ಫೋನು ಕಟ್ ಆಗುತ್ತದೆ.

ಒಂಬತ್ತೂವರೆಗೆ ಕಾದಂಬರಿಕಾರ್ತಿಯೇ ಫೋನು ಮಾಡುತ್ತಾರೆ. “ಸ್ನಾನ ಮಾಡ್ತಿದ್ದಾಗ ನಂಗೇ ಹೊಳೀತು ನೋಡಿ! ಗಾಯ ಅವನಿಗೇ ಆಗ್ಬೇಕು. ಬೇಗ ಬದಲಾಯಿಸಿ.” ಕರಡಕ್ಕನ ಕೈಯಲ್ಲಿದ್ದ ಪೆನ್ಸಿಲು ಲಟ್ಟೆಂದು ಮುರಿಯುತ್ತದೆ. ಇನ್ನೊಂದು ತೆಗೆದುಕೊಂಡು ತಿದ್ದುತ್ತಾರೆ. ಹತ್ತಕ್ಕೆ ಮೂರು ನಿಮಿಷ ಇರುವಾಗ ಪುಟ ಅಚ್ಚಿನ ಮನೆಗೆ ಹೋಗುತ್ತದೆ.

ಮೇಜಿನ ಮೇಲೆ ಉಳಿದ, ತಿದ್ದಿದ ಪುಟದ ಇನ್ನೊಂದು ಪ್ರತಿಯನ್ನು ಅತ್ತೆ ಎತ್ತಿಕೊಂಡು ಓದುತ್ತಾರೆ. “ಈ ಹುಡುಗಿ ನೋಡು, ಸ್ಪ್ರಿಂಗು ಇಳಿಸದೆ ಕೈ ಹಚ್ಚಲ್ಲ. ಬರೆದೋಳು ಎಷ್ಟು ತಿಳ್ಕೊಂಡಿದಾಳೆ! ನೀನೂ ಇದೀಯ, ಇದ್ದ ಗಡಿಯಾರ ಬಿಚ್ಚಿ ಹಾಕಿ ಕೂತಿದೀಯ.”

“ಹೌದತ್ತೆ” ಎಂದು ಸೊಸೆ ಹಲ್ಲು ಕಚ್ಚಿಕೊಂಡು ಗಡಿಯಾರ ಜೋಡಿಸತೊಡಗುತ್ತಾರೆ.

ಪುಸ್ತಕದಲ್ಲಿ ಹೆಸರು ಬರಲಿ ಅನ್ನಿಸುವುದಿಲ್ಲವೇ ಎಂದರೆ ಸ್ಕ್ರೂ ತಿರುಗಿಸುತ್ತಲೇ ಹೇಳುತ್ತಾರೆ: “ಹೆಸರು ತಗೊಂಡು ಏನ್ಮಾಡ್ಲಿ? ಎಲ್ಲೋ ಒಬ್ಬ ಗಡಿಯಾರ ರಿಪೇರಿಯೋನು ಈ ಪುಟ ಓದಿ, ಏನೂ ಅನ್ನದೆ ಮುಂದಿನ ಪುಟ ತಿರುಗಿಸಿದ್ರೆ ನಂಗಷ್ಟೇ ಸಾಕು.”